ಪ್ಯಾರಿಸ್‌ನ ಪೆಟ್ಟಿಗೆ, ಯಲಬುರ್ಗಾದ ಮಾಸ್ತರ

ಗವಿಮಠದ ತೇರು ಎಳೆದದ್ದೇ ತಡ, ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ನಾಟಕದ ಹಂಗಾಮು ಶುರುವಾಗುತ್ತದೆ. ಊರ ಜಾತ್ರೆ, ಉಗಾದಿ, ಬಸವ ಜಯಂತಿ, ಯಾವುದಾದರೂ ಒಂದು ನೆಪ ಸಾಕು. ಗಂಗಾವತಿಯ ಹೋಟೆಲ್ ಬಾಗಿಲಿಗೆ, ಕುಷ್ಟಗಿಯ ಕಟಿಂಗ್ ಶಾಪಿನ ಗೋಡೆಗೆ, ಯಲಬುರ್ಗಾ ಬಸ್ ನಿಲ್ದಾಣದ ಕಂಬಕ್ಕೆ ಗುಲಾಬಿ, ಹಳದಿ ಬಣ್ಣದ ಹ್ಯಾಂಡ್‌ಬಿಲ್ಲುಗಳು ಬಂದು ಅಂಟುತ್ತವೆ. ಎಲ್ಲಕ್ಕಿಂತ ಮೇಲೆ ಊರ ದೇವರು. ಕೆಳಗೆ ನಾಟಕದ ಹೆಸರು, ಅದರಡಿಗೆ ‘ಅರ್ಥಾತ್’ ಎಂದು ಬರೆದು ಮತ್ತೊಂದು ಹೆಸರು. ದಿವ್ಯ ಸಾನ್ನಿಧ್ಯ ವಹಿಸುವ ಸ್ವಾಮಿಗಳು, ಉದ್ಘಾಟಿಸುವ ಶಾಸಕರು, ಜ್ಯೋತಿ ಬೆಳಗುವ ಮಾಜಿ ಶಾಸಕರು, ಆಮೇಲೆ ಪೂರಾ ಒಂದು ಪಂಚಾಯಿತಿಯಷ್ಟು ಮುಖ್ಯ ಅತಿಥಿಗಳು. ಸ್ತ್ರೀ ಪಾತ್ರಧಾರಿಗಳ ಫೋಟೊ. ಸೀನ್ಸ್ ಯಾರದು, ಮೈಕ್ ಯಾರದು ಎಂಬ ವಿವರ. ಇಷ್ಟೂ ಮುಗಿದ ಮೇಲೆ, ಜಾಗ ಉಳಿದಿದ್ದರೆ, ಸಣ್ಣಕ್ಷರದಲ್ಲಿ ಒಂದು ಸಾಲು: ಹಾರ್ಮೋನಿಯಂ ಮತ್ತು ನಿರ್ದೇಶನ ಇಂಥ ಊರಿನ ಇಂಥ ಗವಾಯಿಗಳು.

ಇಲ್ಲಿಯ ಜನ ಹಾರ್ಮೋನಿಯಮ್ಮಿಗೆ ಪೇಟಿ, ಆತನಿಗೆ ಪೇಟಿ ಮಾಸ್ತರ ಅನ್ನುತ್ತಾರೆ. ಆತ ಫ್ರಾನ್ಸಿನಲ್ಲಿ ಹುಟ್ಟಿದ್ದರೆ ಅದೇ ಹೆಸರು ಪೋಸ್ಟರಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಇರುತ್ತಿತ್ತು. ಯಾಕೆಂದರೆ ಅಲ್ಲಿಯ ವಾದ್ಯವೃಂದ ನಿರ್ದೇಶಕನ ಕೆಲಸವೂ ಹೆಚ್ಚುಕಡಿಮೆ ಅದೇ. ಹಾಡುವವರು, ಬಾರಿಸುವವರು ಎಲ್ಲರನ್ನೂ ಒಂದು ಲಯಕ್ಕೆ ತರುವುದು, ಯಾರು ಯಾವಾಗ ಎತ್ತಬೇಕು, ಎಲ್ಲಿ ಬಿಡಬೇಕು ಎಂದು ಹೇಳುವುದು, ತಿಂಗಳುಗಟ್ಟಲೆ ತಾಲೀಮು ಮಾಡಿಸಿ ಒಂದು ರಾತ್ರಿಯ ಹೊಣೆ ಹೊರುವುದು. ವ್ಯತ್ಯಾಸವಿರುವುದು ಕೆಲಸದಲ್ಲಲ್ಲ, ಆ ಕೆಲಸಕ್ಕೆ ಏರಿಹೋಗುವ ದಾರಿಯಲ್ಲಿ.

ಅಲ್ಲಿಯ ದಾರಿ ಹೇಗಿರುತ್ತದೆ ನೋಡಿ. ಲಿಯೊನೆಲ್ ಬ್ರಿಂಗ್ಯೆ ಎಂಬ ಹುಡುಗ 1986ರಲ್ಲಿ ದಕ್ಷಿಣ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಹುಟ್ಟಿದ. ಹದಿಮೂರನೆಯ ವಯಸ್ಸಿಗೆ ಪ್ಯಾರಿಸ್ಸಿನ ಸರ್ಕಾರಿ ಸಂಗೀತ ವಿದ್ಯಾಲಯ ಸೇರಿ ಚೆಲ್ಲೊ ವಾದನವನ್ನೂ ವಾದ್ಯವೃಂದ ನಿರ್ದೇಶನವನ್ನೂ ಕಲಿತ. 2005ರಲ್ಲಿ, ಹದಿಹರೆಯ ಇನ್ನೂ ದಾಟದಿರುವಾಗಲೇ, ಬೆಸಾನ್ಸೋನ್ ಊರಿನ ಯುವ ನಿರ್ದೇಶಕರ ಸ್ಪರ್ಧೆ ಗೆದ್ದ. ಎರಡು ವರ್ಷದಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಫಿಲ್ಹಾರ್ಮೋನಿಕ್‌ನಲ್ಲಿ ಸಹಾಯಕನ ಹುದ್ದೆ ಸಿಕ್ಕಿತು, ಅಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ. 2014ಕ್ಕೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಟೋನ್‌ಹಾಲೆ ವಾದ್ಯವೃಂದದ ಮುಖ್ಯಸ್ಥ. ನಾಲ್ಕು ವರ್ಷಕ್ಕೆ ಆ ಕರಾರು ಮುಗಿಯಿತು, ಮುಂದುವರಿಯಲಿಲ್ಲ. ಹಾಗಂತ ಆತ ಬೀದಿಗೆ ಬೀಳಲಿಲ್ಲ. ಅತಿಥಿಯಾಗಿ ಕರೆಯುವ ವಾದ್ಯವೃಂದಗಳಿದ್ದವು. 2025ರಿಂದ ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿ ಮತ್ತೆ ಸಂಗೀತ ನಿರ್ದೇಶಕನ ಕುರ್ಚಿ.

ಆ ಬೆಸಾನ್ಸೋನ್ ಸ್ಪರ್ಧೆ 1951ರಿಂದ ನಡೆದುಬಂದದ್ದು. 1959ರಲ್ಲಿ ಅದನ್ನು ಗೆದ್ದವನು ಸೈಜಿ ಒಜಾವಾ ಎಂಬ ಜಪಾನಿ ತರುಣ. ಸರಕು ಸಾಗಿಸುವ ಹಡಗು ಹತ್ತಿ, ಜೊತೆಗೆ ಒಂದು ಸ್ಕೂಟರು, ಒಂದು ಗಿಟಾರು ಕಟ್ಟಿಕೊಂಡು ಫ್ರಾನ್ಸಿಗೆ ಬಂದಿದ್ದ. ಮುಂದೆ ಅಮೆರಿಕದ ಬಾಸ್ಟನ್ ವಾದ್ಯವೃಂದವನ್ನು ಮೂರು ದಶಕಕ್ಕೆ ಸಮೀಪ ನಡೆಸಿದ. ಗೊತ್ತುಗುರಿ ಇಲ್ಲದ ಊರಿಗೆ ಬಂದ ಹುಡುಗನಿಗೂ ಹತ್ತಲು ಅಲ್ಲೊಂದು ಏಣಿ ಇತ್ತು ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮ ಪೇಟಿ ಮಾಸ್ತರನಿಗೆ ಇನ್ನೂ ಹತ್ತಿರದವಳು ಮರೀ ಜಾಕೋ. 1990ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈಕೆ ಮೊದಲು ಟೆನಿಸ್ ಆಟಗಾರ್ತಿ. ಅದನ್ನು ಬಿಟ್ಟು ಟ್ರೊಂಬೋನ್ ಎಂಬ ಊದುವ ವಾದ್ಯ ಹಿಡಿದಳು, ಆಮೇಲೆ ವಿಯೆನ್ನಾ, ವೈಮಾರ್ ನಗರಗಳಲ್ಲಿ ನಿರ್ದೇಶನ ಕಲಿತಳು. ಮ್ಯೂನಿಕ್ ಒಪೆರಾದಲ್ಲಿ ಕಿರಿಲ್ ಪೆಟ್ರೆಂಕೊ ಎಂಬ ದೊಡ್ಡ ನಿರ್ದೇಶಕನ ಕೈಕೆಳಗೆ ದುಡಿದಳು. ಅಲ್ಲಿಂದ ವುರ್ಜ್‌ಬುರ್ಗ್, ಡ್ಯುಸೆಲ್‌ಡಾರ್ಫ್ ಪಟ್ಟಣಗಳ ಒಪೆರಾ ಮನೆಗಳಲ್ಲಿ ವರ್ಷಗಟ್ಟಲೆ ಕೆಲಸ. 2024ರಿಂದ ಡೆನ್ಮಾರ್ಕಿನ ರಾಯಲ್ ಥಿಯೇಟರಿನ ಮುಖ್ಯ ನಿರ್ದೇಶಕಿ. ಒಪೆರಾ ಎಂದರೂ ಅದು ಹಾಡುವ ನಾಟಕವೇ. ಜರ್ಮನಿಯ ಒಪೆರಾ ಮನೆಗಳಲ್ಲಿ ನಿರ್ದೇಶಕನಾಗುವ ಹಳೆಯ ರೂಢಿ ಏನೆಂದರೆ, ಮೊದಲು ಪಿಯಾನೊ ಮುಂದೆ ಕೂತು ಹಾಡುಗಾರರಿಗೆ ಒಂದೊಂದೇ ಸಾಲು ಬಾಯಿಪಾಠ ಮಾಡಿಸಬೇಕು. ದೊಡ್ಡವರು ಬರುವ ಮುಂಚೆ ತಾಲೀಮು ಮಾಡಿಸಿಡಬೇಕು. ಒಂದು ದಿನ ದೊಡ್ಡವರಿಗೆ ಜ್ವರ ಬಂದಾಗ ನಿರ್ದೇಶನದ ಕೋಲು ಕೈಗೆ ಬರುತ್ತದೆ.

ಪೇಟಿ ಮುಂದೆ ಕೂತು ಒಂದೊಂದೇ ಸಾಲು ಹೇಳಿಕೊಡುವುದನ್ನು ನೋಡಬೇಕಾದರೆ ಜರ್ಮನಿಗೆ ಹೋಗಬೇಕಿಲ್ಲ. ಯಲಬುರ್ಗಾ ತಾಲ್ಲೂಕಿನ ಯಾವುದೇ ಹಳ್ಳಿಯ ಗುಡಿಯ ಕಟ್ಟೆಗೆ ಫೆಬ್ರುವರಿಯ ಒಂದು ರಾತ್ರಿ ಊಟವಾದ ಮೇಲೆ ಹೋದರೆ ಸಾಕು.

ಅಲ್ಲಿ ಕೂತವರು ಹಗಲೆಲ್ಲ ಹೊಲದಲ್ಲಿ ಕಡಲಿ ಕಿತ್ತು ಬಂದವರು, ಟ್ರ್ಯಾಕ್ಟರ್ ಹೊಡೆಯುವವರು, ಗೌಂಡಿಗಳು, ಕಿರಾಣಿ ಅಂಗಡಿಯವನು. ಕೆಲವರಿಗೆ ಓದಲು ಬರುವುದಿಲ್ಲ. ಮಾಸ್ತರ ಮಾತು ಹೇಳಿಕೊಡುತ್ತಾನೆ, ನಡಿಗೆ ಹೇಳಿಕೊಡುತ್ತಾನೆ, ಕತ್ತಿ ಹಿಡಿಯುವ ಬಗೆ ಹೇಳಿಕೊಡುತ್ತಾನೆ, ಕೊನೆಗೆ ಹಾಡು. ಮೊದಲು ಆತ ಮಾಡುವ ಕೆಲಸ ಪ್ರತಿಯೊಬ್ಬನ ಕಂಠ ಅಳೆಯುವುದು. ಒಬ್ಬೊಬ್ಬನನ್ನೇ ಕರೆದು ‘ಆ’ ಅನ್ನಿಸಿ, ಪೇಟಿಯ ಮನೆಗಳ ಮೇಲೆ ಬೆರಳಾಡಿಸಿ, ಇವನದು ಕಪ್ಪು ಎರಡು, ಅವನದು ಬಿಳಿ ಮೂರು ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾನೆ. ಕಾಗದದ ಮೇಲೆ ಬರೆಯುವ ಮಾಸ್ತರರು ಕಡಿಮೆ. “ತಮ್ಮಾ, ಅಕ್ಷರ ಹೋದ್ರ ಹೋಗವಲ್ದ್ಯಾಕ, ತಾಳ ಬಿಡಬ್ಯಾಡ” – ಇದು ಎಲ್ಲ ತಾಲೀಮುಗಳಲ್ಲೂ ಕೇಳುವ ಮಾತು. ಅದಕ್ಕೆ ಉತ್ತರವೂ ಒಂದೇ: “ಆತ್ರಿ ಮಾಸ್ತರ್ರಿ, ಇನ್ನೊಮ್ಮಿ ಹಿಡೀರಿ.”

ನಾಟಕದ ರಾತ್ರಿಯ ಕಥೆ ಬೇರೆ. ಒಂದೂವರೆ ಎರಡು ತಿಂಗಳು ತಾಲೀಮು ಮಾಡಿದವರು ಊರ ಗಂಡಸರು. ನಾಯಕಿ, ಖಳನಾಯಕಿ, ಹಾಸ್ಯದ ಹೆಣ್ಣು ಪಾತ್ರದವರು ಗದಗ, ಹುಬ್ಬಳ್ಳಿ, ಇಳಕಲ್ಲು ಕಡೆಯಿಂದ ನಾಟಕದ ದಿನ ಮಧ್ಯಾಹ್ನವೋ ಸಂಜೆಯೋ ಬರುವ ವೃತ್ತಿ ಕಲಾವಿದೆಯರು. ನಿನ್ನೆ ರಾತ್ರಿ ಬೇರೊಂದು ಊರಿನಲ್ಲಿ ಬೇರೊಂದು ನಾಟಕ ಮುಗಿಸಿ ಬಂದವರು. ಅವರ ಜತೆ ನಮ್ಮ ಹೀರೋ ಒಂದು ಸಲವೂ ಹಾಡಿಲ್ಲ. ತಬಲಾದವನು, ಕ್ಯಾಸಿಯೊದವನು, ರಿದಂ ಪ್ಯಾಡಿನವನು ಕೂಡ ಅವತ್ತೇ ಬಂದವರು. ಇಷ್ಟು ಜನರನ್ನು ರಾತ್ರಿ ಹತ್ತೂವರೆಯಿಂದ ಬೆಳಗಿನ ಕೋಳಿ ಕೂಗುವವರೆಗೆ ಒಂದು ದಾರದಲ್ಲಿ ಹಿಡಿಯಬೇಕು. ಬರ್ಲಿನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಪೂರಾ ತಂಡ ಕೂಡಿ ತಾಲೀಮು ಮಾಡದೆ ಹೊಸ ಒಪೆರಾ ಆಡಿಸಿ ಎಂದರೆ ಯಾವ ನಿರ್ದೇಶಕನೂ ಒಪ್ಪಲಾರ.

ಮಾಸ್ತರ ಕೂರುವುದು ರಂಗಸಜ್ಜಿಕೆಯ ಮುಂದೆ, ಒಂದು ಬದಿಗೆ, ಅರ್ಧ ಮೈ ರಂಗದ ಕಡೆ ತಿರುಗಿಸಿ. ಹೀರೋ ಮಾತಿನ ಕೊನೆಯ ಪದ ಬಾಯಿಂದ ಬೀಳುವ ಮುಂಚೆ ಪೇಟಿ ಸೂರು ಹಿಡಿದಿರಬೇಕು. ಜನರನ್ನು ಕಂಡು ಗಾಬರಿಯಾದ ಹುಡುಗ ಕಪ್ಪು ಒಂದರಲ್ಲಿ ಕಲಿತ ಹಾಡನ್ನು ಬಿಳಿ ಮೂರರಲ್ಲಿ ಎತ್ತಿಬಿಡುತ್ತಾನೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಾಸ್ತರನ ಬೆರಳು ಅಲ್ಲಿಗೆ ಸರಿದಿರುತ್ತವೆ. ತಬಲಾದವನು ಪಕ್ಕದಲ್ಲಿ ಇಟ್ಟುಕೊಂಡ ಇನ್ನೊಂದು ದಾಯಾ ಎಳೆದುಕೊಳ್ಳುತ್ತಾನೆ. ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಹಾಡು ಅರ್ಧಕ್ಕೆ ಬಂದಾಗ ಯಾರೋ ಆಯೇರಿ ಹಿಡಿದು ರಂಗ ಹತ್ತುತ್ತಾರೆ. ಇಂಥವರಿಂದ ಇಂಥ ಕಲಾವಿದೆಗೆ ನೂರಾ ಒಂದು ರೂಪಾಯಿ ಎಂದು ಮೈಕು ಕೂಗುತ್ತದೆ. ಆ ಕೂಗು ಮುಗಿಯುವ ತನಕ ಮಾಸ್ತರ ಅದೇ ರಾಗದಲ್ಲಿ, ಅದೇ ತಾಳದಲ್ಲಿ ಸಣ್ಣಗೆ ತಿರುಗುತ್ತ ಇರುತ್ತಾನೆ. ಕೂಗು ನಿಂತ ತಕ್ಷಣ ತಲೆ ಒಂದು ಸಲ ಅಲ್ಲಾಡಿಸುತ್ತಾನೆ, ಆಕೆ ಬಿಟ್ಟ ಸಾಲಿನಿಂದಲೇ ಎತ್ತುತ್ತಾಳೆ. ವನ್ಸ್‌ಮೋರ್ ಬಂದರೆ ಮತ್ತೆ ಮೊದಲಿಂದ. ಸಾವಿನ ಸೀನಿಗೆ ಜೋಗಿಯಾ, ಪ್ರೇಮಿಗಳು ಬಂದರೆ ಪೀಲೂ, ಖಳನಾಯಕ ಕಾಲಿಟ್ಟರೆ ತಬಲಾದವನಿಗೆ ಕಣ್ಸನ್ನೆ. ಇದಕ್ಕೆಲ್ಲ ಎದುರಿಗೆ ಬರೆದಿಟ್ಟ ಒಂದು ಹಾಳೆಯೂ ಇರುವುದಿಲ್ಲ.

ಕೋಲಿಲ್ಲದೆ, ವಾದ್ಯ ನುಡಿಸುತ್ತಲೇ ತಂಡವನ್ನು ನಡೆಸುವುದು ಹಳ್ಳಿಯ ಕೊರತೆಯ ಲಕ್ಷಣ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಯುರೋಪಿನಲ್ಲೂ ಮೊದಲು ಹೀಗೇ ಇತ್ತು. 1791ರಲ್ಲಿ ಲಂಡನ್ನಿಗೆ ಬಂದ ಹೈಡನ್ ತನ್ನ ಸಿಂಫನಿಗಳನ್ನು ಕೀಲಿಮಣೆ ವಾದ್ಯದ ಮುಂದೆ ಕೂತೇ ನಡೆಸಿದ. ಪಿಟೀಲಿನ ಸಾಲೊಮನ್ ಆ ಕಡೆಯಿಂದ ಜೊತೆಗೂಡಿದ. ಕೋಲು ಹಿಡಿದು ಸುಮ್ಮನೆ ನಿಲ್ಲುವ ನಿರ್ದೇಶಕ ಎಂಬ ಪ್ರಾಣಿ ಗಟ್ಟಿಯಾಗಿ ನೆಲೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೂ ಮುಂಚೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿದ್ದ ಲುಲ್ಲಿ ಉದ್ದನೆಯ ದಂಡದಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದ. 1687ರ ಜನವರಿಯಲ್ಲಿ, ರಾಜನ ಕಾಯಿಲೆ ವಾಸಿಯಾದ ಸಂಭ್ರಮದ ಕಚೇರಿಯಲ್ಲಿ, ಆ ದಂಡ ತನ್ನ ಕಾಲಿಗೇ ಬಿತ್ತು. ಗಾಯ ಕೊಳೆತು ಮಾರ್ಚಿನಲ್ಲಿ ತೀರಿಕೊಂಡ. ನಮ್ಮ ಮಾಸ್ತರರ ಕಾಲು ಪೆಡಲಿನ ಮೇಲಿರುವುದರಿಂದ ಆ ಭಯವಿಲ್ಲ.

ಆ ಪೆಡಲಿನ ಪೆಟ್ಟಿಗೆ ಬಂದದ್ದೂ ಫ್ರಾನ್ಸಿನಿಂದಲೇ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆನ್ ಎಂಬಾತ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಅದರ ಪೇಟೆಂಟ್ ಪಡೆದ. ಪಾದ್ರಿಗಳ ಜತೆ, ಸಾಹೇಬರ ಜತೆ ಅದು ಹಡಗು ಹತ್ತಿ ಹಿಂದೂಸ್ತಾನಕ್ಕೆ ಬಂತು. ಕಲಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತಿ ಇನ್ನೊಂದು ಕೈಯಿಂದ ನುಡಿಸುವ ಹಾಗೆ ಮಾಡಿದ. ಭಜನೆಗೆ, ಗಾಯನಕ್ಕೆ ಆ ಕೈಪೇಟಿ ಹಿಡಿಸಿತು. ಇವತ್ತಿಗೂ ಒಳ್ಳೆಯ ರೀಡುಗಳು ಬೇಕೆಂದರೆ ಗುಜರಾತಿನ ಪಾಲಿಟಾಣಾದ ಹೆಸರು ಹೇಳುತ್ತಾರೆ. ನಾಟಕದವರು ಮಾತ್ರ ಹಳೆಯ ಕಾಲುಪೇಟಿ ಬಿಡಲಿಲ್ಲ. ಕಾರಣ ಸರಳ. ತಿದಿ ಕಾಲಿಗೆ ಹೋದರೆ ಎರಡೂ ಕೈ ಖಾಲಿ. ಒಂದು ಕೈ ಹಾಡು ಹಿಡಿದಿದ್ದರೆ ಇನ್ನೊಂದು ಕೈ ತಬಲಾದವನನ್ನು ತಡೆಯಬಹುದು, ಸೈಡ್‌ವಿಂಗಿನಲ್ಲಿ ನಿಂತವನನ್ನು ಕರೆಯಬಹುದು. ಆರಂಭದಿಂದ ಅಂತ್ಯದವರೆಗೆ ಕುರ್ಚಿಯ ಎತ್ತರದಲ್ಲಿ ಕೂತಿದ್ದರೆ ಕಲಾವಿದರಿಗೆ ಮುಖವೂ ಕಾಣುತ್ತದೆ.

ಈ ಸೀಮೆಯ ಮಾಸ್ತರರ ಬೇರು ಹುಡುಕಿ ಹೊರಟರೆ ಹತ್ತರಲ್ಲಿ ಎಂಟು ದಾರಿಗಳು ಗದಗಿಗೆ ಹೋಗುತ್ತವೆ. ಕೊಪ್ಪಳದಿಂದ ರೈಲು ಹತ್ತಿದರೆ ಒಂದು ನಿದ್ದೆಯೂ ಆಗದಷ್ಟು ಹತ್ತಿರ. 1870ರ ದಶಕದಲ್ಲೇ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಕನ್ನಡ ನಾಟಕ ಮಂಡಳಿ ಕಟ್ಟಿದ ಊರು ಅದು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರೂ ಅದೇ. ಆದರೆ ಮಾಸ್ತರರನ್ನು ತಯಾರಿಸಿದ್ದು ಅಲ್ಲಿಯ ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ.

ಹಾನಗಲ್ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಜನಿಸಿದವರು. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡನ್ನೂ ಅರಗಿಸಿಕೊಂಡರು. ಕಣ್ಣಿಲ್ಲದ, ತಂದೆ ತಾಯಿ ಇಲ್ಲದ ಹುಡುಗರನ್ನು ಕಟ್ಟಿಕೊಂಡು ಊರೂರು ಸುತ್ತುವ ಸಂಗೀತ ಶಾಲೆ ನಡೆಸಿದರು. ಹುಡುಗರ ಹೊಟ್ಟೆ ತುಂಬಬೇಕಿತ್ತು. ಅದಕ್ಕೆ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ ಎಂಬ ನಾಟಕ ಕಂಪನಿ ಎದ್ದಿತು. 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟಯ್ಯ ಸೋದರಮಾವನ ಮನೆಯ ಹಾರ್ಮೋನಿಯಂ ಮೇಲೆ ತಾನೇ ಬೆರಳಾಡಿಸಿ ಹಾಡು ಹಿಡಿದ. ಮಾವ ಅವನನ್ನು ತಂದು ಗವಾಯಿಗಳ ಕೈಗಿಟ್ಟರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮ, ಕಂಪನಿ, ನೂರಾರು ಹುಡುಗರು ಎಲ್ಲವೂ ಆತನ ಹೆಗಲಿಗೆ ಬಂದವು. ಆತನೇ ಪುಟ್ಟರಾಜ ಗವಾಯಿಗಳು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು, ನಾಟಕ ರಚಿಸಿದರು, ಪೇಟಿ, ತಬಲಾ, ಪಿಟೀಲು, ಸಾರಂಗಿ ನುಡಿಸಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು.

ಇಲ್ಲೊಂದು ಸಂಗತಿಯನ್ನು ನಿಂತು ಯೋಚಿಸಬೇಕು. ಯುರೋಪಿನ ನಿರ್ದೇಶನ ಕಣ್ಣಿನ ವಿದ್ಯೆ. ಎಲ್ಲರೂ ಕೋಲು ನೋಡುತ್ತಾರೆ, ಕೋಲು ಹಿಡಿದವನು ಎಲ್ಲರನ್ನೂ ನೋಡುತ್ತಾನೆ. ಗದಗಿನಲ್ಲಿ ಕಲಿತು ಬಂದ ಕುರುಡ ಮಾಸ್ತರನಿಗೆ ರಂಗವೇ ಕಾಣುವುದಿಲ್ಲ. ಹಲಗೆಯ ಮೇಲೆ ಯಾರ ಕಾಲು ಬಿತ್ತು, ಎಷ್ಟು ಹೆಜ್ಜೆ ಹಾಕಿದರು, ಮೈಕಿನ ಹತ್ತಿರ ಬಂದರೋ ದೂರ ಇದ್ದಾರೋ, ಉಸಿರು ಎಳೆದುಕೊಂಡರೋ ಇಲ್ಲವೋ, ಇಷ್ಟನ್ನೂ ಕಿವಿಯಲ್ಲೇ ಹಿಡಿದು ಆತ ನಾಟಕ ನಡೆಸುತ್ತಾನೆ. ಕಣ್ಣಿದ್ದ ಮಾಸ್ತರರೂ ಅದೇ ಶಾಲೆಯ ರೀತಿಯಲ್ಲಿ ಕಲಿತವರಾದ್ದರಿಂದ ಅವರದೂ ಕಿವಿಯದೇ ಲೆಕ್ಕ. ಕಲಾವಿದರಿಗೆ ಸಂಜ್ಞೆ ಹೋಗುವುದೂ ನಾದದಲ್ಲಿ. ಪೇಟಿಯ ಒಂದು ಮುರುಕಿಯೇ ಹಾಡು ಎತ್ತು ಎಂಬ ಅಪ್ಪಣೆ, ತಬಲಾದ ಒಂದು ತಿಹಾಯಿಯೇ ಇಲ್ಲಿಗೆ ಸಾಕು ಎಂಬ ತಾಕೀತು. ಇದು ಒಂದು ಪೂರ್ಣ ಪದ್ಧತಿ. ಇದನ್ನು ಪದ್ಧತಿ ಎಂದು ಕರೆದು ಪಾಠ ಬರೆದವರಿಲ್ಲ, ಅಷ್ಟೇ.

ಆಶ್ರಮದಿಂದ ಹೊರಬಿದ್ದವರ ದಾರಿ ಎರಡು ಕವಲಾಯಿತು. ಕಂಠ ಇದ್ದವರು ಗಾಯಕರಾದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಆ ಮಾರ್ಗದವರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ 1968ರಲ್ಲಿ ಬಂದು ಸೇರಿದ ಎಂ. ವೆಂಕಟೇಶಕುಮಾರ್ ಮನೆತನವಂತೂ ತೊಗಲುಗೊಂಬೆ, ನಾಟಕದವರದೇ. ಸೋದರಮಾವ ಬೆಳಗಲ್ಲು ವೀರಣ್ಣ ತೊಗಲುಗೊಂಬೆಯವರು. ಗಾಯಕರಿಗೆ ಧಾರವಾಡದ ಆಕಾಶವಾಣಿ ಇತ್ತು, ಕಾಲೇಜುಗಳಿದ್ದವು, ಪುಣೆಯ ಕಚೇರಿಗಳಿದ್ದವು. ಪೇಟಿ ಹಿಡಿದವರಿಗೆ ಉಳಿದದ್ದು ನಾಟಕ ಮಾತ್ರ.

ಯಾಕೆ ಎಂಬುದಕ್ಕೆ ಒಂದು ದೊಡ್ಡ ಕಾರಣ ದೆಹಲಿಯಲ್ಲಿದೆ. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೊಗಳಿಂದ ಹೊರಗಿಟ್ಟಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಎಂಬುದು ವಾದ. ರವೀಂದ್ರನಾಥ ಟ್ಯಾಗೋರರು ಅದನ್ನು ಓಡಿಸಿ ಎಂದು ಪತ್ರ ಬರೆದರು. ಅದಕ್ಕೂ ಮುಂಚೆ ಅದರ ಮೇಲೆ ಚಾಟಿ ಬೀಸಿ ಲೇಖನ ಬರೆದವನು ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ. ದೆಹಲಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥನಾಗಿದ್ದ ಆತ ಸ್ವತಃ ಒಬ್ಬ ವಾದ್ಯವೃಂದ ನಿರ್ದೇಶಕ! ನಿಷೇಧ ಸಡಿಲವಾಗಲು 1970ರ ದಶಕ ಬರಬೇಕಾಯಿತು. ಶಾಸ್ತ್ರದ ದೃಷ್ಟಿಯಿಂದ ಆ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಅದು ಒಂದು ವಾದ್ಯವನ್ನಷ್ಟೇ ಹೊರಗಿಡಲಿಲ್ಲ, ಆ ವಾದ್ಯದ ಹಿಂದೆ ಕೂತು ತಂಡ ನಡೆಸುವ ಮನುಷ್ಯನನ್ನೂ ಸರ್ಕಾರದ ಸಂಬಳದ ಪಟ್ಟಿಯಿಂದ ಹೊರಗಿಟ್ಟಿತು. ಮೂರು ದಶಕ ಅಂದರೆ ಒಂದು ತಲೆಮಾರು.

ಪೇಟಿಯಿಂದ ಸಿಂಫನಿಯವರೆಗೆ ಹೋದವರು ಇಲ್ಲವೇ ಇಲ್ಲ ಎಂದಲ್ಲ. ಇಳಯರಾಜ ಅಣ್ಣನ ತಂಡದೊಂದಿಗೆ ತಮಿಳುನಾಡಿನ ಹಳ್ಳಿಹಳ್ಳಿ ತಿರುಗಿ ಹಾರ್ಮೋನಿಯಂ ನುಡಿಸಿದವರು. ಮದ್ರಾಸಿಗೆ ಬಂದ ಮೇಲೆ ವಾದ್ಯವೃಂದ ನಡೆಸುವ ಕಸುಬನ್ನು ಕಲಿತದ್ದು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ, ಬಹುಪಾಲು ಕನ್ನಡ ಚಿತ್ರಗಳಲ್ಲಿ. 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಅವರು ರಚಿಸಿದ ಸಿಂಫನಿಯನ್ನು ಅಲ್ಲಿಯ ವಾದ್ಯವೃಂದ ನುಡಿಸಿತು. ನಡುವೆ ಒಂದು ಸಹಾಯಕನ ಕುರ್ಚಿ ಇದ್ದದ್ದರಿಂದ ಇದು ಸಾಧ್ಯವಾಯಿತು. ಕುಷ್ಟಗಿಯ ಹುಡುಗನಿಗೆ ಆ ನಡುವಿನ ಕುರ್ಚಿ ಇಲ್ಲ.

ಹೆಣ್ಣುಮಕ್ಕಳ ಮಾತು ಬಂದಾಗ ಲೆಕ್ಕ ಇನ್ನೂ ತೆಳ್ಳಗೆ. ಪ್ಯಾರಿಸ್ಸಿನಲ್ಲೂ ಹೆಣ್ಣಿನ ಕೈಗೆ ಕೋಲು ಕೊಡುವುದು ತಡವಾಗಿ ಬಂದ ಬುದ್ಧಿ. ಮಹಿಳಾ ನಿರ್ದೇಶಕರಿಗೆಂದೇ ‘ಲಾ ಮಾಯೆಸ್ತ್ರಾ’ ಸ್ಪರ್ಧೆ ಅಲ್ಲಿ ಶುರುವಾದದ್ದು 2020ರಲ್ಲಿ. ನಮ್ಮ ಹಳ್ಳಿ ನಾಟಕದಲ್ಲಿ ಹೆಂಗಸರು ರಂಗದ ಮೇಲೆ ಹಾಡುತ್ತಾರೆ, ಪೇಟಿ ಹಿಂದಿನ ಕುರ್ಚಿಗೆ ಬರುವುದು ಅಪರೂಪ. ಆದರೆ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರನ್ನು ಮರೆಯುವಂತಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ತೊಗಲುಗೊಂಬೆ ಹಿಡಿದವರು. ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ರಾಮಾಯಣ, ಮಹಾಭಾರತದ ಗೊಂಬೆ ಕುಣಿಸುತ್ತ, ಮಾತಾಡುತ್ತ, ಹಾಡುತ್ತ, ಪಕ್ಕದಲ್ಲಿ ಕೂತ ವಾದ್ಯದವರನ್ನು ತನ್ನ ದನಿಯ ಏರಿಳಿತದಿಂದಲೇ ನಡೆಸುವುದು ಆ ಕಲೆಯ ರೀತಿ. ಹತ್ತಾರು ದೇಶಗಳಿಗೆ ಆ ಆಟ ಹೋಗಿಬಂತು, ಪ್ಯಾರಿಸ್ಸಿಗೂ ಹೋಯಿತು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಅಲ್ಲಿಯ ನಿರ್ದೇಶಕ ಹದಿಹರೆಯದಲ್ಲೇ ಲೋಕದ ಕಣ್ಣಿಗೆ ಬೀಳುತ್ತಾನೆ, ಇಲ್ಲಿಯವರು ತೊಂಬತ್ತಾರಕ್ಕೆ.

ಮಾಸ್ತರನ ವರ್ಷ ಹೇಗೆ ಕಳೆಯುತ್ತದೆ ಎಂಬುದನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಸಂಕ್ರಾಂತಿಯಿಂದ ಕಾರಹುಣ್ಣಿಮೆವರೆಗೆ ನಾಟಕ. ಒಂದು ಊರಿನಲ್ಲಿ ತಾಲೀಮು ನಡೆದಿರುವಾಗಲೇ ಪಕ್ಕದ ಊರಿಗೂ ಮಾತು ಕೊಟ್ಟಿರುತ್ತಾನೆ. ಊಟ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ, ಮಲಗುವುದು ಗುಡಿಯಲ್ಲೋ ಶಾಲೆಯಲ್ಲೋ. ಮಳೆ ಬಿದ್ದರೆ ಹಳ್ಳಿ ಹೊಲಕ್ಕೆ ಹೋಗುತ್ತದೆ, ಪೇಟಿಗೆ ಮುಸುಕು ಬೀಳುತ್ತದೆ. ಶ್ರಾವಣ ಬಂದರೆ ಮಠಗಳಲ್ಲಿ ತಿಂಗಳ ಪುರಾಣ ಪ್ರವಚನ. ಅಲ್ಲಿ ಗವಾಯಿ, ತಬಲಾದವರು ಬೇಕು. ಆಮೇಲೆ ದಸರೆಯ ದೇವಿಪುರಾಣ. ದೀಪಾವಳಿ ಕಳೆದರೆ ಮತ್ತೆ ಖಾಲಿ. ಕೆಲವರು ಮನೆಯಲ್ಲಿ ಹುಡುಗರಿಗೆ ಜೂನಿಯರ್, ಸೀನಿಯರ್ ಪರೀಕ್ಷೆಗೆ ಪಾಠ ಹೇಳುತ್ತಾರೆ, ಕೆಲವರು ಕೂಲಿಗೆ ಹೋಗುತ್ತಾರೆ. ಮುಪ್ಪಿನಲ್ಲಿ ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕಬಹುದು, ಅದಕ್ಕೆ ಕಾರ್ಯಕ್ರಮ ಕೊಟ್ಟ ಪುರಾವೆ ಬೇಕು. ನಲವತ್ತು ವರ್ಷ ಪೇಟಿ ನುಡಿಸಿದವನ ಟ್ರಂಕಿನಲ್ಲಿ ಬಣ್ಣ ಮಾಸಿದ ಹ್ಯಾಂಡ್‌ಬಿಲ್ಲುಗಳೇ ಪುರಾವೆ. ಮುದ್ರಕ ಆ ಕೊನೆಯ ಸಾಲು ಬಿಟ್ಟಿದ್ದರೆ ಅದೂ ಇಲ್ಲ.

ಈಗ ಇನ್ನೊಂದು ಸಂಕಟ ಬಂದಿದೆ. ಹಾಡಿನ ಬದಲು ಪೆನ್‌ಡ್ರೈವಿನ ಟ್ರ್ಯಾಕು, ಸಿನಿಮಾ ಹಾಡಿಗೆ ರೆಕಾರ್ಡ್ ಡಾನ್ಸು. ಕ್ಯಾಸಿಯೊದ ಹುಡುಗ ಒಂದು ಗುಂಡಿ ಒತ್ತಿದರೆ ತಾಳ ತಾನೇ ಓಡುತ್ತದೆ. ಟ್ರ್ಯಾಕಿಗೆ ಹಾಡುಗಾರನ ಗಾಬರಿ ಗೊತ್ತಿಲ್ಲ, ಆತ ತಪ್ಪಿದರೆ ಅದು ಕಾಯುವುದಿಲ್ಲ. ಹಾಗಾಗಿ ಹಾಡುಗಾರನೇ ಬಾಯಿ ಮುಚ್ಚುತ್ತಾನೆ. ಹೊಸದನ್ನು ಬೈಯುವುದು ಸುಲಭ, ಅದರಿಂದ ಪ್ರಯೋಜನವಿಲ್ಲ. ಮಾಸ್ತರರ ಕಡೆಯದೂ ಒಂದು ತಪ್ಪಿದೆ. ರಾಗ, ಮಟ್ಟು, ಎತ್ತುಗಡೆ ಯಾವುದನ್ನೂ ಬರೆದಿಡಲಿಲ್ಲ. ಕೆಲವರು ಕಲಿತ ಮಟ್ಟುಗಳನ್ನು ಪಕ್ಕದ ಮಾಸ್ತರನಿಗೂ ಬಿಟ್ಟುಕೊಡದೆ ಮುಚ್ಚಿಟ್ಟುಕೊಂಡರು. ಲುಲ್ಲಿ ಸತ್ತು ಮುನ್ನೂರು ವರ್ಷ ದಾಟಿದರೂ ಆತನ ಹಾಳೆಗಳು ಇವೆ, ಹೊಸ ಹುಡುಗರು ಅವನ್ನು ಇಟ್ಟುಕೊಂಡು ಕೆಲಸ ಕಲಿಯುತ್ತಾರೆ. ಇಲ್ಲಿ ಒಬ್ಬ ಮಾಸ್ತರ ತೀರಿಕೊಂಡರೆ ಐವತ್ತು ನಾಟಕಗಳ ಸಂಗೀತ ಅವನ ಕೂಡ ಮಣ್ಣಿಗೆ ಹೋಗುತ್ತದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಜಿಲ್ಲೆಗೆ ಈಗ ತನ್ನದೇ ವಿಶ್ವವಿದ್ಯಾಲಯ ಇದೆ. ಹಳ್ಳಿ ನಾಟಕದ ಸಂಗೀತಕ್ಕೆ ಅಲ್ಲೊಂದು ವರ್ಷದ ಡಿಪ್ಲೊಮಾ ಇಟ್ಟು, ಪದವಿ ಕೇಳದೆ ಹಿರಿಯ ಮಾಸ್ತರರನ್ನೇ ಪಾಠಕ್ಕೆ ಕೂರಿಸಬಹುದು. ನಾಟಕ ಅಕಾಡೆಮಿ ಕೊಪ್ಪಳದಲ್ಲೋ ಗದಗಿನಲ್ಲೋ ಯುವ ಪೇಟಿ ಮಾಸ್ತರರ ಸ್ಪರ್ಧೆ ನಡೆಸಿ, ಗೆದ್ದವನಿಗೆ ವೃತ್ತಿ ಕಂಪನಿಯಲ್ಲಿ ಎರಡು ವರ್ಷ ಸಹಾಯಕನ ಸಂಬಳ ಕೊಡಬಹುದು. ಒಂದು ಮೈಕು, ಒಂದು ರೆಕಾರ್ಡರು ಹಿಡಿದು ಎಪ್ಪತ್ತು ದಾಟಿದ ಮಾಸ್ತರರ ಮನೆಗೆ ಹೋಗಿ ಮಟ್ಟುಗಳನ್ನು ತುಂಬಿಕೊಳ್ಳುವ ಕೆಲಸಕ್ಕಂತೂ ಯಾರ ಅಪ್ಪಣೆಯೂ ಬೇಕಿಲ್ಲ.

ಅದೆಲ್ಲ ಆದಾಗ ಆಗಲಿ. ನಿಮ್ಮೂರಿನ ಜಾತ್ರೆ ನಾಟಕದ ಕಮಿಟಿಯಲ್ಲಿ ನೀವಿದ್ದರೆ ಈ ವರ್ಷವೇ ಒಂದು ಕೆಲಸ ಮಾಡಿ. ಕಲಾವಿದೆಯರ ಪಗಾರ ಮಾತಾಡುವ ದಿನವೇ ಮಾಸ್ತರರ ಪಗಾರವನ್ನೂ ಮಾತಾಡಿ ಮುಗಿಸಿ, ಅರ್ಧ ಮುಂಗಡವಾಗಿ ಕೊಡಿ. ಹ್ಯಾಂಡ್‌ಬಿಲ್ ಪ್ರೆಸ್ಸಿಗೆ ಹೋಗುವ ಮುಂಚೆ ಅವರ ಹೆಸರನ್ನು ನಾಟಕದ ಹೆಸರಿನ ಕೆಳಗೆ ತನ್ನಿ. ಮುಖ್ಯ ಅತಿಥಿಗಳಲ್ಲಿ ಇಬ್ಬರನ್ನು ಕಡಿಮೆ ಮಾಡಿದರೆ ಅಷ್ಟು ಜಾಗ ಸಿಗುತ್ತದೆ.